ಬರೀ ಯೋಚನೆಯಾಗಿದ್ದ ನನ್ನ ಎಡಗಾಲು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ನನ್ನನ್ನು ಮಾತಿಗೆ ಕರೆದು ಈಗ ಗಡಿಯಾರ ನೋಡುತ್ತಿರುವ ಮನೋವೈದ್ಯರೇ, ದಾದಿಯರೇ, ಯಾರದೋ ಒತ್ತಾಯಕ್ಕೆ ಬಂದು ಸಿಕ್ಕಿಬಿದ್ದಿರುವ ಸಭಿಕರೇ,

ಈ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಗುಣವಾದವರ ಪರವಾಗಿ ಎರಡು ಮಾತಾಡಲು ನನಗೆ ಯಾವ ಅರ್ಹತೆಯಿದೆ? ಗುಣವಾಗಿದ್ದೇನೆ ಎಂದು ಡಾಕ್ಟರು ಹೇಳುತ್ತಾರೆ; ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ.

ನಾನು ನಿವೃತ್ತ ಬಸ್ ಕಂಡಕ್ಟರ್. ಜೀವಮಾನವಿಡೀ "ಮುಂದೆ ಹೋಗ್ರೀ, ಮುಂದೆ ಹೋಗ್ರೀ" ಎಂದು ಕೂಗಿದವನು, ಮನಸ್ಸು ಕುಸಿದು ಇಲ್ಲಿ ಹಾಸಿಗೆ ಹಿಡಿದ ಮೇಲೆ ಬಾಗಿಲವರೆಗೂ ಮುಂದೆ ಹೋಗಲಿಲ್ಲ. ನೀರು ಕೊಟ್ಟರೆ ಮುಖ ತಿರುಗಿಸಿದೆ. ಏಳಿ ಅಂದರೆ ಗೋಡೆಯ ಕಡೆ ಹೊರಳಿದೆ. ಯಾಕಾದರೂ ಬದುಕಬೇಕು? ಇದೊಂದೇ ನನ್ನ ಪ್ರಶ್ನೆ.

ಆಗ ಡಾಕ್ಟರು ಒಂದು ಅಭ್ಯಾಸ ಕಲಿಸಿದರು. ಕೆಟ್ಟ ಯೋಚನೆ ಬಂದರೆ "ನೀನು ಬರೀ ಯೋಚನೆ, ನಿಜವಲ್ಲ" ಎಂದು ಅದಕ್ಕೇ ಹೇಳಬೇಕು. ವಾರ್ಡಿನ ಉಳಿದವರೆಲ್ಲ ಮನಸ್ಸಿಗೆ ಹೇಳಿಕೊಂಡರು. ನಾನು ಅತಿ ಬುದ್ಧಿವಂತ, ಕಾಲಿಗೆ ಹೇಳಿದೆ! ಎಡ ಮೀನಖಂಡ ಬಿಗಿದು ನೋಯತೊಡಗಿತು. ಕಣ್ಣು ಮುಚ್ಚಿ "ನೀನು ಬರೀ ಯೋಚನೆ" ಎಂದೆ. ಕಾಲು ಊದಿತು. "ಊದಿದ ಯೋಚನೆ" ಎಂದೆ. ಡಾಕ್ಟರು ಬಂದು ಹೇಗಿದ್ದೀರಿ ಎಂದರೆ, "ಅಭ್ಯಾಸ ಚೆನ್ನಾಗಿ ನಡೀತಿದೆ ಸಾರ್" ಎಂದೆ. ಇಂಥ ಶಿಷ್ಯ ಯಾವ ಗುರುವಿಗೆ ಸಿಕ್ಕಾನು?

ಒಂದು ಬೆಳಿಗ್ಗೆ ನನ್ನ ಹೆಂಡತಿ ಬಂದು, ನಾಲ್ಕು ಹೆಜ್ಜೆ ನಡೆಸೋಣವೆಂದು ಚಪ್ಪಲಿ ತೊಡಿಸಲು ಕೂತಳು. ಎಡಗಾಲು ಒಳಗೇ ಹೋಗಲಿಲ್ಲ.

"ಬರೀ ಯೋಚನೆ ಕಣೇ" ಎಂದೆ.

"ಯೋಚನೆಗೆ ಚಪ್ಪಲಿ ಬಿಗಿಯಾಗುತ್ತೇನ್ರೀ?" ಎಂದವಳೇ ದಾದಿಯನ್ನು ಕೂಗಿದಳು.

ವಯಸ್ಸಾದವರು ಮನಸ್ಸು ಸೋತು ಮಲಗಿಬಿಟ್ಟರೆ ಕಾಲಿನ ರಕ್ತ ಹೆಪ್ಪುಗಟ್ಟುತ್ತದಂತೆ, ಅದರ ತುಣುಕು ಶ್ವಾಸಕೋಶಕ್ಕೆ ಏರುತ್ತದಂತೆ. 'ಅಂತೆ' ಯಾಕೆ, ನನಗೆ ಏರಿಯೇ ಬಿಟ್ಟಿತು. ಈಗ ಇಲ್ಲಿ ದಾದಿಯರು ದಿನವೂ ನಮ್ಮಂಥವರ ಹೊದಿಕೆ ಎತ್ತಿ ಕಾಲು ನೋಡುತ್ತಾರೆ. ಹಿರಿಯರೇ, ದಯವಿಟ್ಟು ನಾಚಿಕೊಳ್ಳಬೇಡಿ, ತೋರಿಸಿ.

ಅವತ್ತು ದಾದಿ ಓಡಿ ಬರುವಷ್ಟರಲ್ಲೇ ಎದೆ ಹಿಡಿದುಕೊಂಡಿತು. ಉಸಿರೇ ಸಿಗಲಿಲ್ಲ. ಸ್ಟ್ರೆಚರಿನಲ್ಲಿ ಹಾಕಿಕೊಂಡು ಓಡಿದರು. ಬದುಕು ಬೇಡವೆಂದು ಗೋಡೆ ನೋಡುತ್ತಿದ್ದ ಈ ಮಹಾನುಭಾವ ಆಗ ಡಾಕ್ಟರ ಕೋಟು ಹಿಡಿದು ಕೂಗಿದ್ದೇನು ಗೊತ್ತೇ?

"ಸಾರ್, ಹೇಗಾದರೂ ಮಾಡಿ ಉಳಿಸಿ!"

ಪಕ್ಕದಲ್ಲೇ ಓಡುತ್ತಿದ್ದ ನನ್ನ ಹೆಂಡತಿ ಅಳುತ್ತಾ, ನಗುತ್ತಾ, "ಈ ಒಂದು ಮಾತಿಗೆ ಎಷ್ಟು ತಿಂಗಳಿಂದ ಕಾಯ್ತಿದ್ದೆ ಕಣ್ರೀ" ಎಂದಳು.

ಅವಳು ಈಗ ಮೂರನೇ ಸಾಲಿನಿಂದ, ಸಾಕು ಇಳೀರಿ ಎಂದು ಸನ್ನೆ ಮಾಡುತ್ತಿದ್ದಾಳೆ. ನನ್ನನ್ನು ಉಳಿಸಿದವರಿಗೂ, ಇಷ್ಟು ಹೊತ್ತು ಸಹಿಸಿದವರಿಗೂ ನಾನು ಋಣಿ. ಎಲ್ಲರಿಗೂ ಎದ್ದು ನಿಂತೇ ಮಾಡುತ್ತಿದ್ದೇನೆ, ನಮಸ್ಕಾರ.