ನಮ್ಮನ್ನು ಕೇಳಿಯೇ ಮಾಡಿದ್ದು

ಈ ಸಭೆಯ ಅಧ್ಯಕ್ಷರೂ ನಮ್ಮ ತುರ್ತು ಸೇವೆಯ ಮುಖ್ಯಸ್ಥರೂ ಆಗಿರುವ ಸಾಹೇಬರೇ, ನಮಗೆ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿಕೊಟ್ಟ ಸಂಸ್ಥೆಯಿಂದ ಬಂದಿರುವ ಮುಖ್ಯ ಅತಿಥಿಗಳೇ, ಕಂಟ್ರೋಲ್ ರೂಮಿನಲ್ಲಿ ನನ್ನ ಜೊತೆ ಕೂತು ಫೋನು ಎತ್ತುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆಂಬುಲೆನ್ಸಿನಲ್ಲಿ ದುಡಿಯುವ ಬಂಧುಗಳೇ, ಹಾಗೂ ಚಹಾ ಯಾವಾಗ ಬರುತ್ತದೋ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ಈ ಹೂಗುಚ್ಛಕ್ಕೂ ಈ ಫಲಕಕ್ಕೂ ನಾನು ಕೃತಜ್ಞಳು. ನಮ್ಮ ವ್ಯವಸ್ಥೆಗೆ ಪ್ರಶಸ್ತಿ ಬಂದಿದೆ. ಯಾಕೆ ಬಂದಿದೆ? ಬಳಸುವವರನ್ನು ಕೇಳಿ, ಬಳಸುವವರನ್ನು ಜೊತೆಗೆ ಕೂರಿಸಿಕೊಂಡು, ಬಳಸುವವರ ಮಾತಿನಂತೆಯೇ ಕಟ್ಟಿದ ವ್ಯವಸ್ಥೆ ಎಂದು ಬಂದಿದೆ. ಆ ಬಳಸುವವರ ಪರವಾಗಿ ನಾಲ್ಕು ಮಾತಾಡಮ್ಮ ಎಂದು ಸಾಹೇಬರು ಅಪ್ಪಣೆ ಕೊಡಿಸಿದ್ದಾರೆ. ನಾಲ್ಕು ಎಂದಿದ್ದಾರೆ. ಐದಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲನೆಯ ಮಾತು, ಇದು ನಿಜ. ನಮ್ಮನ್ನು ಕೇಳಿದ್ದು ನಿಜ. ಮುಖ್ಯ ಅತಿಥಿಗಳ ಸಂಸ್ಥೆಯಿಂದ ಇಬ್ಬರು ಬಂದಿದ್ದರು, ಒಬ್ಬ ಹುಡುಗಿ, ಒಬ್ಬ ಕನ್ನಡಕದವರು. ಇಬ್ಬರೂ ಒಳ್ಳೆಯವರು. ನಾವು ಮಾತಾಡುವಾಗ ಫೋನು ನೋಡುತ್ತಿರಲಿಲ್ಲ, ಅಷ್ಟು ಒಳ್ಳೆಯವರು. ಮೇಲ್ಮಹಡಿಯ ಮೀಟಿಂಗ್ ಹಾಲಿನಲ್ಲಿ ಉದ್ದನೆಯ ಮೇಜು, ಬಿಸ್ಕತ್ತು, ಬಣ್ಣಬಣ್ಣದ ಅಂಟು ಚೀಟಿ. "ನಿಮ್ಮ ಕೆಲಸ ಹೇಗೆ ನಡೆಯುತ್ತೆ ಹೇಳಿ, ತೊಂದರೆ ಏನು ಹೇಳಿ, ಯಾವುದೂ ಚಿಕ್ಕದಲ್ಲ" ಅಂದಳು ಆ ಹುಡುಗಿ. ನನ್ನ ಸರ್ವೀಸಿನಲ್ಲಿ ಅಷ್ಟು ಮರ್ಯಾದೆಯಾಗಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮನೆಯಲ್ಲೂ ಕೇಳಿರಲಿಲ್ಲ ಬಿಡಿ. ನಮ್ಮ ಯಜಮಾನರು "ಊಟ ಆಯ್ತಾ" ಅಂತ ಕೇಳಿದರೆ ಅದೇ ದೊಡ್ಡ ಸಂದರ್ಶನ.

ಆದರೆ ಮೇಜಿನ ತುದಿಯಲ್ಲಿ ಸಾಹೇಬರು ಕೂತಿದ್ದರು. ಸುಮ್ಮನೆ ಕೂತಿದ್ದರು. ಯಾರನ್ನೂ ಗದರಲಿಲ್ಲ. ಗದರಬೇಕಾದ ಅಗತ್ಯವಾದರೂ ಏನಿತ್ತು?

ನಮ್ಮ ಕೆಲಸ ಹೇಗೆ ನಡೆಯಬೇಕು ಎಂದು ನಿಯಮದ ಪುಸ್ತಕದಲ್ಲಿದೆ. ಕರೆ ಬಂದರೆ ವಿಳಾಸ ಕೇಳು, ಕಾಯಿಲೆ ಕೇಳು, ಟೈಪು ಮಾಡು, ಗಾಡಿ ಕಳಿಸುವವರಿಗೆ ರವಾನಿಸು. ಕರೆಯ ಸಂಗತಿಯನ್ನು ಪಕ್ಕದವರ ಜೊತೆ ಮಾತಾಡಕೂಡದು, ಅದು ಗುಟ್ಟು. ನಾವು ಒಬ್ಬೊಬ್ಬರಾಗಿ ಎದ್ದು ಅದನ್ನೇ ಒಪ್ಪಿಸಿದೆವು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಆ ಹುಡುಗಿ ಒಂದೊಂದನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಗೋಡೆ ತುಂಬಾ ಚೀಟಿ. ಒಂದರಲ್ಲೂ ನಮ್ಮ ಕೆಲಸ ಇರಲಿಲ್ಲ.

ಹಾಗಾದರೆ ನಮ್ಮ ಕೆಲಸ ಹೇಗೆ ನಡೆಯುತ್ತಿತ್ತು? ಕೂಗಿ ನಡೆಯುತ್ತಿತ್ತು, ಸಭಿಕರೇ. ಕಂಟ್ರೋಲ್ ರೂಮಿನಲ್ಲಿ ಸಂತೆಯ ಗದ್ದಲ. ಕರೆ ಎತ್ತಿದವಳು ವಿಳಾಸ ಟೈಪು ಮಾಡುತ್ತಲೇ ಬಾಯಿಬಿಟ್ಟು ಹೇಳೋಳು. "ಸೇತುವೆ ಹತ್ತಿರ, ಬಸ್ಸು ಮಗುಚಿದೆ!" ಆಚೆ ಸಾಲಿನಿಂದ ಇನ್ನೊಬ್ಬ, "ನಂದೂ ಅದೇ ಕಣ್ರೀ, ಎರಡು ಬಸ್ಸಂತೆ!" ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಕೇಳಿಸುತ್ತಿತ್ತು. ಒಂದು ಕಿವಿ ಫೋನಿಗೆ, ಒಂದು ಕಿವಿ ಕೋಣೆಗೆ. ಹೊಸಬರು ಬಂದರೆ ಟೈಪಿಂಗ್ ಒಂದು ವಾರದಲ್ಲಿ ಕಲಿಯೋರು, ಈ ಎರಡನೇ ಕಿವಿ ಬರೋಕೆ ವರ್ಷ ಹಿಡಿಯೋದು.

ಆ ಗದ್ದಲದ ರಾಣಿ ಅಂದರೆ ನನ್ನ ಪಕ್ಕದ ಸೀಟಿನವಳು. ನಾವು ಅವಳನ್ನು ಮೈಕಮ್ಮ ಅಂತೀವಿ. ಅವಳ ಗಂಟಲಿನ ಮುಂದೆ ಈ ಮೈಕು ಏನೇನೂ ಅಲ್ಲ. ಅವಳು ಆಕಳಿಸಿದರೆ ಕೆಳಗೆ ನಿಂತ ಆಂಬುಲೆನ್ಸಿನವರು ಎದ್ದು ಕೂರೋರು, ಅಂತ ನಮ್ಮ ಯಜಮಾನರೇ ಹೇಳೋರು. ಅವರು ಆಂಬುಲೆನ್ಸ್ ಡ್ರೈವರು, ನಿಮಗೆಲ್ಲ ಗೊತ್ತಲ್ಲ.

ಆವತ್ತು ಮೀಟಿಂಗಿನಲ್ಲಿ ಮೈಕಮ್ಮನ ಸರದಿ ಬಂತು. "ನಿಮ್ಮ ಕೋಣೆಯಲ್ಲಿ ದೊಡ್ಡ ತೊಂದರೆ ಯಾವುದು?" ಅಂತ ಹುಡುಗಿ ಕೇಳಿದಳು. ಸಾಹೇಬರು ನೋಡುತ್ತಿದ್ದಾರೆ. ಮೈಕಮ್ಮ ಏನು ಹೇಳಬೇಕು? ನಾವು ನಿಯಮ ಮೀರಿ ಕೂಗಾಡಿಕೊಂಡೇ ಕೆಲಸ ಮಾಡೋದು ಅಂತ ಹೇಳಬೇಕಾ? ಅವಳು ಮುಖಕ್ಕೆ ಕೈ ಅಡ್ಡ ಇಟ್ಟುಕೊಂಡು, "ನನ್ನ ಗಂಟಲೇ ಮೇಡಂ ದೊಡ್ಡ ತೊಂದರೆ. ಪಾಪ, ಇವರೆಲ್ಲ ಹೇಗೆ ಸಹಿಸ್ಕೋತಾರೋ!" ಅಂದಳು. ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಸಾಹೇಬರೂ ನಕ್ಕರು. ಆ ಹುಡುಗಿಯೂ ನಕ್ಕಳು, ನಗುತ್ತಲೇ ಅದನ್ನೂ ಚೀಟಿಯಲ್ಲಿ ಬರೆದು ಅಂಟಿಸಿದಳು. ಕೋಣೆಯಲ್ಲಿ ಸದ್ದು ಜಾಸ್ತಿ.

ಕನ್ನಡಕದವರು ಮಾತ್ರ ಕೊನೆಗೆ ಒಂದು ಕೇಳಿದರು. "ಒಂದು ದಿನ ನಾವು ಕೆಳಗೆ ಬಂದು ನಿಮ್ಮ ಹಿಂದೆ ಸುಮ್ಮನೆ ಕೂರಬಹುದಾ?" ಸಾಹೇಬರು, "ಹೊರಗಿನವರಿಗೆ ಡ್ಯೂಟಿ ಹೊತ್ತಿನಲ್ಲಿ ಪ್ರವೇಶವಿಲ್ಲ, ಎಲ್ಲ ಇಲ್ಲೇ ಹೇಳಿದ್ದಾರಲ್ಲ" ಅಂದರು. ಅಲ್ಲಿಗೆ ಮುಗೀತು.

ಆಮೇಲೆ ಹೊಸ ಕೋಣೆ ಬಂತು. ಎಷ್ಟು ಚೆಂದ ಅಂತೀರಿ! ಒಬ್ಬೊಬ್ಬರಿಗೆ ಒಂದೊಂದು ಗಾಜಿನ ಮರೆ, ಎರಡೂ ಕಿವಿ ಮುಚ್ಚುವ ಹೆಡ್‌ಫೋನು, ನೆಲಕ್ಕೆ ಮೆತ್ತನೆಯ ಕಾರ್ಪೆಟ್ಟು. ಒಂದೇ ವಿಳಾಸದಿಂದ ಎರಡು ಕರೆ ಬಂದರೆ ಕಂಪ್ಯೂಟರೇ ಜೋಡಿಸುತ್ತೆ. ವಿಳಾಸ ಬೇರೆ ಇದ್ದರೆ, ಬಂದ ಕರೆಗಳ ಪಟ್ಟಿ ನೋಡಿ ನಾವೇ ಜೋಡಿಸೋಕೆ ಒಂದು ಬಟನ್ನೂ ಇದೆ. ಸದ್ದು ಕಡಿಮೆ ಆಗಬೇಕು ಅಂತ ನೀವೇ ಕೇಳಿದ್ದಲ್ವಾ, ಅಂದರು. ಕೇಳಿದ್ದೆವು. ಮೈಕಮ್ಮ ಅಭ್ಯಾಸಬಲದಿಂದ ಒಂದೆರಡು ಸಲ ಕೂಗಿದಳು, ನೋಟೀಸು ಬಂತು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು.

ಈಗ ಆ ಮಧ್ಯಾಹ್ನದ ವಿಚಾರ. ನಿಮ್ಮಲ್ಲಿ ಕೆಲವರು ತಲೆ ತಗ್ಗಿಸುತ್ತಿದ್ದೀರಿ. ಬೇಡ, ಕೇಳಿ.

ಊಟ ಮುಗಿಸಿ ಸೀಟಿಗೆ ಬಂದಿದ್ದೆ. ಮೈಕಮ್ಮನಿಗೆ ಒಂದು ಕರೆ ಬಂತು. ಲಾಂಡ್ರಿಯ ನೆಲಮಾಳಿಗೆ, ಕೆಲಸದವನೊಬ್ಬ ಎಚ್ಚರ ತಪ್ಪಿ ಬಿದ್ದಿದ್ದಾನೆ. ಅವಳು ಟೈಪು ಮಾಡಿದಳು, ಗಾಡಿ ಹೊರಟಿತು. ಅದೇ ಹೊತ್ತಿಗೆ ನನಗೊಂದು ಕರೆ. ಹೆಂಗಸು, ಹೊಲಿಗೆ ಹೇಳಿಕೊಡೋರು. "ಲಾಂಡ್ರಿ ಮೇಲಿನ ನಮ್ಮ ಕ್ಲಾಸಲ್ಲಿ ಹುಡುಗೀರಿಗೆಲ್ಲ ತಲೆ ಸುತ್ತು, ವಾಂತಿ, ಏನು ತಿಂದ್ವೋ ಏನೋ" ಅಂದರು. ಅವರ ಬಾಗಿಲು ಹಿಂದಿನ ಬೀದಿಗೆ. ಹಾಗಾಗಿ ಅವರು ಕೊಟ್ಟ ವಿಳಾಸವೇ ಬೇರೆ. ಕಂಪ್ಯೂಟರಿಗೆ ಅವು ಎರಡು ಬೀದಿ, ಎರಡು ಕಟ್ಟಡ, ಎರಡು ಕಾಯಿಲೆ. ನಾನು ಗಾಜಿನ ಕಡೆ ತಿರುಗಿದೆ. ಆಚೆ ಮೈಕಮ್ಮನ ಬಾಯಿ ಆಡುತ್ತಿತ್ತು. ಏನು ಹೇಳುತ್ತಿದ್ದಾಳೋ ಕೇಳಿಸಲಿಲ್ಲ. ಲಾಂಡ್ರಿ ಅಂತಲೇ ಹೇಳುತ್ತಿದ್ದಳು, ಆಮೇಲೆ ಗೊತ್ತಾಯಿತು.

ಹಳೇ ಕೋಣೆಯಾಗಿದ್ದರೆ? ಅವಳು "ಲಾಂಡ್ರಿ, ನೆಲಮಾಳಿಗೆ!" ಅಂತ ಕೂಗೋಳು, ನಾನು "ಏ, ಲಾಂಡ್ರಿ ಮೇಲೂ ಬಿದ್ದಿದ್ದಾರೆ ಕಣೇ!" ಅನ್ನೋಳು. ಕೆಳಗೂ ಮೇಲೂ ಜನ ಬೀಳುತ್ತಿದ್ದಾರೆ ಅಂದರೆ ಅದು ಊಟದ ದೋಷ ಅಲ್ಲ, ವಿಷದ ಗಾಳಿ ಅಂತ ಹಿಂದಿನ ಸಾಲಿನವರಿಗೂ ಹೊಳೆಯೋದು. ಗಾಡಿಯವರಿಗೆ ವೈರ್‌ಲೆಸ್ಸಿನಲ್ಲಿ, ಒಳಗೆ ಇಳೀಬೇಡಿ, ಅಗ್ನಿಶಾಮಕದವರು ಬರಲಿ ಅಂತ ಹೇಳೋರು. ಎಷ್ಟು ಹೊತ್ತಿನ ಕೆಲಸ ಅದು? ಒಂದು ಕೂಗಿನ ಕೆಲಸ.

ಯಾರೂ ಹೇಳಲಿಲ್ಲ. ಬಾಯ್ಲರಿನ ಹೊಗೆಕೊಳವೆ ಒಡೆದಿತ್ತು. ಆ ಗಾಳಿಗೆ ವಾಸನೆ ಇರಲ್ಲವಂತೆ. ಡ್ರೈವರು ಕೆಳಗಿಳಿದು, ಬಿದ್ದವನನ್ನು ಹೆಗಲಿಗೆ ಹಾಕಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಇಬ್ಬರೂ ಅಲ್ಲೇ ಹೋದರು. ಆ ಗಾಡಿಯ ಡ್ರೈವರು ನಮ್ಮ ಯಜಮಾನರು.

ಕ್ಷಮಿಸಿ. ಒಂದು ನಿಮಿಷ.

ಮನೆಯಲ್ಲಿ ನಾವು ದಿನಾ ಜಗಳ ಆಡ್ತಿದ್ವಿ. ಟಿವಿ ಸದ್ದಿಗೆ ಜಗಳ. ಅವರಿಗೆ ಸೈರನ್ ಕೇಳಿಕೇಳಿ ಕಿವಿ ಮಂದ, ಟಿವಿ ಜೋರಾಗಿ ಇಡೋರು. ನನಗೆ ದಿನವಿಡೀ ಗದ್ದಲ ಕೇಳಿ ಸಾಕಾಗಿರೋದು, ಕಡಿಮೆ ಮಾಡ್ರೀ ಅಂತ ಕಿರುಚೋಳು. ಗಾಜಿನ ಕೋಣೆ ಬಂದ ದಿನ ಮನೆಗೆ ಹೋಗಿ, "ರೀ, ಎಷ್ಟು ನೆಮ್ಮದಿಯಾಗಿದೆ ಗೊತ್ತಾ, ಯಾರ ಸದ್ದೂ ಇಲ್ಲ" ಅಂದಿದ್ದೆ. ಹೌದು, ಅಂದಿದ್ದೆ. ಈಗ ಮನೆಯಲ್ಲೂ ಯಾರ ಸದ್ದೂ ಇಲ್ಲ. ಇದನ್ನು ಇಲ್ಲಿ ಯಾಕೆ ಹೇಳಿದೆನೋ. ಇರಲಿ ಬಿಡಿ.

ನನಗೆ ಸುದ್ದಿ ಹೇಳಿದ್ದು ಮೈಕಮ್ಮನೇ. ಗಾಜಿನ ಮರೆಯಿಂದ ಎದ್ದು ಬಂದು ನನ್ನ ಹೆಡ್‌ಫೋನು ತೆಗೆದಳು. ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು.

ಸಭಿಕರೇ, ನಾಳೆ ವಿಚಾರಣೆ. ಆರೋಪ ಮೈಕಮ್ಮನ ಮೇಲೆ, ಆ ಗಾಡಿ ಹೊರಟಿದ್ದು ಅವಳ ಕರೆಗಲ್ಲವೇ; ಪಟ್ಟಿ ನೋಡದ ನನ್ನನ್ನು ಯಾರೂ ಕೇಳಲಿಲ್ಲ. ಅವಳು ಪಟ್ಟಿ ನೋಡಲಿಲ್ಲ, ಬಟನ್ ಒತ್ತಲಿಲ್ಲ, ಆದ್ದರಿಂದ ಇಬ್ಬರು ಸತ್ತರು, ಅಂತ. ಫೋನಿನಲ್ಲಿ ಒಬ್ಬ ಅಳುತ್ತಿರುವಾಗ ಅವಳು ಊರಿನ ಬೇರೆ ಕರೆಗಳ ಪಟ್ಟಿ ಓದುತ್ತಾ ಕೂರಬೇಕಿತ್ತಂತೆ. ವ್ಯವಸ್ಥೆಯದ್ದು ತಪ್ಪಿಲ್ಲ, ಯಾಕೆಂದರೆ ಬಳಸುವವರನ್ನು ಕೇಳಿಯೇ ಮಾಡಿದ್ದು. ಅವಳ ಕೆಲಸ ಹೋಗುತ್ತೆ. ಕೆಲಸ ಮಾತ್ರ ಹೋದರೆ ಪುಣ್ಯ, ಜೈಲಿನ ಮಾತೂ ಕೇಳಿಬರುತ್ತಿದೆ. ಸತ್ತವರ ಹೆಂಡತಿ ನಾನು. ನಾನೇ ಅವಳ ಕಡೆ ಬೆರಳು ತೋರಿಸಿಬಿಟ್ಟರೆ ಎಲ್ಲರಿಗೂ ಸಲೀಸು. ಮೊನ್ನೆ ಒಬ್ಬರು ಮನೆಗೆ ಬಂದು, "ನಿಮಗೆ ನ್ಯಾಯ ಬೇಡವೇನಮ್ಮ?" ಅಂದರು. ಬೇಕು, ಸ್ವಾಮಿ. ಅದಕ್ಕೇ ಈ ವೇದಿಕೆಗೆ ಬಂದೆ, ಇಲ್ಲದಿದ್ದರೆ ಈ ಫಲಕ ತಗೊಂಡು ಏನು ಮಾಡಲಿ?

ಮುಖ್ಯ ಅತಿಥಿಗಳೇ, ನಿಮ್ಮವರ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತೆ. ಸಿಟ್ಟಿದೆ. ಆದರೆ ಅವರು ಕೇಳಿದರು, ಕೂರಿಸಿಕೊಂಡು ಕೇಳಿದರು. ಯಾರೆದುರು ಕೂರಿಸಿ ಕೇಳಿದರು ಅನ್ನೋದಷ್ಟೇ ನನ್ನ ಜಗಳ. ಇದೇ ವ್ಯವಸ್ಥೆ ಬೇರೆ ಊರುಗಳಿಗೂ ಹೋಗುತ್ತಂತೆ. ಅಲ್ಲೂ ಒಂದು ಹಾಲು, ಅಲ್ಲೂ ಬಿಸ್ಕತ್ತು, ಮೇಜಿನ ತುದಿಯಲ್ಲಿ ಅಲ್ಲಿನ ಸಾಹೇಬರು. ಅಲ್ಲಿನವರೂ ಮಗ್ಗಿ ಒಪ್ಪಿಸುತ್ತಾರೆ, ನೋಡ್ತಿರಿ.

ಅಧ್ಯಕ್ಷರೇ, ನೀವು ಗಡಿಯಾರ ನೋಡಿಕೊಳ್ಳುತ್ತಿದ್ದೀರಿ. ಮುಗಿಸುತ್ತೇನೆ. ನಾಳೆ ವಿಚಾರಣೆ ನಡೆಯುವ ಕೋಣೆಯಲ್ಲಿ ನೀವೂ ಕೂರುತ್ತೀರಿ ಎಂದು ಕೇಳಿದೆ. ನೀವು ಕೂತರೂ ನಾನು ಹೇಳೋದನ್ನು ಹೇಳುತ್ತೇನೆ. ಆದರೆ ನನ್ನೊಬ್ಬಳ ಮಾತು ಸಾಲದು. ಗಂಡ ಹೋದ ದುಃಖಕ್ಕೆ ತಲೆ ಕೆಟ್ಟಿದೆ, ಗೆಳತಿಯನ್ನು ಉಳಿಸೋಕೆ ಕಥೆ ಕಟ್ಟುತ್ತಿದ್ದಾಳೆ ಅಂದುಬಿಟ್ಟರೆ ಆಯಿತು.

ಅದಕ್ಕೇ ಕಂಟ್ರೋಲ್ ರೂಮಿನ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮನ್ನೇ ಕೇಳುತ್ತೇನೆ. ನಾವು ಕೂಗಿಯೇ ಕೆಲಸ ಮಾಡುತ್ತಿದ್ದೆವು, ಆವತ್ತು ಮೀಟಿಂಗಿನಲ್ಲಿ ಅದನ್ನು ಮುಚ್ಚಿಟ್ಟೆವು, ಈ ಮಾತು ನಿಜ ಅಂತ ನಾಳೆ ಬಂದು ಹೇಳುವವರು ಈಗ ಕೈ ಎತ್ತಿ. ಮಾತು ಬೇಡ, ಕೈ ಎತ್ತಿದರೆ ಸಾಕು.

ಯಾಕೆ, ಕೇಳಿಸಲಿಲ್ವಾ? ಮೈಕು ಸರಿಯಾಗಿದೆಯಲ್ಲ.

ಹಿಂದಿನ ಸಾಲಿನ ಅಣ್ಣ, ಸೇತುವೆ ಹತ್ತಿರ ಬಸ್ಸು ಬಿದ್ದಾಗ "ನಂದೂ ಅದೇ" ಅಂತ ಕೂಗಿದ್ದು ನೀವೇ ಅಲ್ವಾ? ತಂಗೀ, ಎರಡನೇ ಕಿವಿ ಬರೋದಿಲ್ಲ ಅಕ್ಕ ಅಂತ ಅಳ್ತಿದ್ದೆಯಲ್ಲೇ, ನಿನಗೂ ನೆನಪಿಲ್ವಾ? ಸಾಹೇಬರ ಕಡೆ ಯಾಕೆ ನೋಡ್ತೀರಿ ಎಲ್ಲರೂ, ಈ ಕಡೆ ನೋಡಿ.

ಹಾಂ, ಅಲ್ಲಿ ಬಾಗಿಲ ಹತ್ತಿರ ಒಂದು ಕೈ. ಯಾರದು? ದೀಪ ಕಣ್ಣಿಗೆ ಹೊಡೀತಿದೆ, ಕಾಣಿಸ್ತಿಲ್ಲ. ಸ್ವಲ್ಪ ಎದ್ದು ನಿಲ್ಲಿ.

ಅಯ್ಯೋ, ಮೈಕಮ್ಮಾ, ನೀನಾ! ನೀನು ಇಳಿಸೇ ಕೈ. ನೀನು ಆರೋಪಿ ಕಣೇ, ನಿನ್ನ ಕೈ ಲೆಕ್ಕಕ್ಕೆ ಬರಲ್ಲ. ಇಳಿಸಮ್ಮ. ಕೂತ್ಕೋ.

ಬೇರೆ ಯಾರೂ ಇಲ್ಲ ತಾನೇ?

ಸರಿ. ಇಷ್ಟು ಹೊತ್ತು ಸದ್ದಿಲ್ಲದೆ ಕೂತು ಕೇಳಿದ್ದೀರಿ, ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.