ಏಳನೇ ನಂಬರು ಬಾಟ್ಲು

ಏನೂ ಇಲ್ವಾ? ಮೂರು ದಪ ನೀವೇ ಓಗಿ ನೀರು ತುಂಬ್ಕಂಡ್ ಬಂದ್ರೂ ಆ ಉಳ ಸಿಗ್ನಿಲ್ವಾ? ಅಯ್ಯೋ ಪ್ರಜ್ಞ ಮೇಡಮ್ಮೋರೇ, ಮೊದ್ಲೇ ಅಂದ್ನಲ್ಲ, ನಮ್ಮಣ್ಣ ಮರಿಯಯ್ಯನ ಗದ್ದೆ ಕಾಲ್ವೇಲಿ ಒಳ್ಳೇದು ಏನ್ ಉಟ್ಟೀತು ಅಂತ!

ಯಾಕ್ ನಗ್ತೀರಾ? ...ನಗ್ನಿಲ್ವಾ. ಸರಿ ಬುಡಿ.

ಊರೋರೆಲ್ಲ ಕುಡಿಯಾ ನೀರು ಕೊಡಿ ಅಂತ ಅರ್ಜಿ ಬರುದ್ರೆ, ನೀವು ಗದ್ದೆ ಕೊಳಕು ನೀರು ಕೊಡಿ ಅಂತ ಮೈಸೂರಿಂದ ಬಂದ್ರಿ. ಅದ್ರಾಗೆ ಸೋಪು ಮಾಡೋ ಉಳ ಐತೆ ಅಂದ್ರಿ. ನಮ್ಮನೆಯೋಳು ಚಲುವಮ್ಮ ನಕ್ಕಿದ್ದೇ ನಕ್ಕಿದ್ದು... ಇನ್ಮೇಲೆ ಬಟ್ಟೆನ ಕಾಲ್ವೆಗೆ ಬುಟ್ಬುಟ್ಟು ಮನಿಕತೀನಿ ಅಂತ! ಊರೂರ್ಗೂ ಬಾಟ್ಲು ಅಂಚಿದ್ರಿ. ನಮ್ಮೂರು ಶೀಳನೆರೆಗೆ ಏಳನೇ ನಂಬರು, ನನ್ ಕೈಗೆ, ಮರಿಯಯ್ಯನ ಗದ್ದೆ ಕಾಲ್ವೇಲಿ ತುಂಬ್ಕೊಡಿ ಅಂತ. ಅದ್ರಾಗೇ ಸಿಕ್ತಲ್ಲ ನಿಮ್ ಗಿರಾಕಿ! ತಟ್ಟೆ ನೀರ್ ಮ್ಯಾಲೆ ಎಣ್ಣೆ, ಅದ್ರ ಮ್ಯಾಲೆ ಉಳದ್ ರಸ ಒಂದ್ ತೊಟ್ಟು... ಎಣ್ಣೆ ಅತ್ಲಾಗೆ ಓಡೋಯ್ತು. ನಮ್ಮಣ್ಣನ್ನ ಕಂಡ್ರೆ ನಾನೂ ಅಂಗೇಯ.

ಆಮ್ಯಾಕೆ ಏನಂದ್ರಿ? ನಿಮ್ ಕಾಲೇಜ್ ಪೇಪರ್ನಾಗೆ ಉಳ ಸಿಕ್ಕಿದ್ ಜಾಗ 'ಮರಿಯಯ್ಯನ ಗದ್ದೆ' ಅಂತ ಬರೀತೀನಿ ಅಂದ್ರಿ. ಅವತ್ತು ನಂಗೆ ಮುದ್ದೆ ಸೇರ್ನಿಲ್ಲ!

ಈಗೇನಾಯ್ತು? ಕರೆಂಟ್ ಓಗಿ ಪ್ರಿಜ್ನಾಗೆ ಇದ್ ಉಳಾನೂ ಸತ್ತೋಯ್ತಾ? ನಿಮ್ ಕಾಲೇಜ್ ಸಾರು ಏನಂದ್ರು? 'ಇನ್ನೊಂದ್ಸಲ ತೋರ್ಸು, ಇಲ್ದಿದ್ರೆ ಸುಳ್ಳು ಬರ್ದವ್ಳೆ ಅಂತೀನಿ' ಅಂದ್ರಾ? ...ಥೂ. ಅಳ್ಬ್ಯಾಡಿ ಅಂದ್ರೆ! ನಾನೇನ್ ಮಾಡ್ಲಿ? ಕಾಲ್ವೆ ಬಾಯ್ನಾಗೇ ತುಂಬಿದ್ದು ಕಣವ್ವ. ಮರಿಯಯ್ಯನ ಬದುನ್ ಮ್ಯಾಲೆ ನಿಂತ್ಕಂಡೇ.

ಬಂದು ಜಾಗ ತೋರ್ಸ್ಬೇಕಾ? ಈ ಬಿಸ್ಲಾಗಾ? ಮಂಡಿ ನೋವು... ತೆಂಗಿನ ಮರ ಅತ್ತೋ ಮಂಡಿ ಬದ ಅತ್ತಾಕಿಲ್ವಾ ಅಂತ ಅಂಗ್ ನೋಡ್ಬ್ಯಾಡಿ!

ಇದೇನು, ನಮ್ ಪಂಪ್‌ಸೆಟ್ ಗುಂಡಿತಾವ ಕುಂತ್ಬುಟ್ರಿ? ಏಳಿ, ಡೀಸೆಲ್ ಮೆತ್ಕತದೆ. ...ಏನ್ ನೋಡ್ತೀರಾ ಆಗ್ಲಿಂದ ಆ ನೀರ? ಎಣ್ಣೆ ಇದ್ ಕಡೇನೇ ಇಂಥ ಉಳ ಜಾಸ್ತಿ ಅಂತ ಅವತ್ತು ನೀವೇ ಅಂದಿದ್ರಿ... ಅಂದ್ರೆ ಅಂದ್ರಿ, ಅದ್ಕೇನೀಗ?

ಕಾಲಿ ಬಾಟ್ಲು ಯಾಕ್ ತೆಗುದ್ರಿ ಈಗ? ಬೈರಿ ಬೇಕಾರೆ.

...

ಅಣ್ಣನ್ ತಾವ ಮಾತ್ ಬುಟ್ಟು ನಾಕ್ ವರ್ಸ ಆಯ್ತು ಕಣವ್ವ. ಅಣ್ಣನ ಬದ ಮೆಟ್ಟಿದ್ರೆ ನಾನು ನಮ್ಮವ್ವನ ಒಟ್ಟೇಲಿ ಉಟ್ಟೋನೇ ಅಲ್ಲ ಅಂತ ಊರ್ ಮುಂದೆ ಅಂದ್ಬುಟ್ಟಿವ್ನಿ. ನಿಮ್ ಒಂದ್ ಬಾಟ್ಲಿಗೋಸ್ಕರ ಮೆಟ್ಲಾ?

ಕೊಡಿ ಇಲ್ಲಿ ಬಾಟ್ಲು. ಅವತ್ತೂ ಈ ಗುಂಡಿನಾಗೇ ಮುಳುಗ್ಸಿದ್ದು. ಸುಳ್ಳೇಳಿದ್ದು ನೀವಲ್ಲ, ಈ ಚಿಕ್ಕಸ್ವಾಮಿ ಅಂತ ನಿಮ್ ಸಾರಿಗೆ ಯೋಳಿ. ಪೇಪರ್ನಾಗೆ ಅಣ್ಣನ್ ಎಸ್ರು ಒಡ್ದಾಕಿ, 'ಸುಳ್ಳುಗಾರ ಚಿಕ್ಕಸ್ವಾಮಿ ಗುಂಡಿ' ಅಂತ್ಲೇ ಬರ್ಕಳಿ.