ಡ್ರೈಯರ್ ರೂಮಿಗೆ ಕೆಮ್ಮಣ್ಣು ಸಾರಿಸಿದ ಬಗ್ಗೆ

ಹೆಸರು: ಜಯರಾಮಯ್ಯ, ತಂದೆ ದಿವಂಗತ ಮರಿಸ್ವಾಮಿ. ವಯಸ್ಸು: 44 ವರ್ಷ. ಕೆಲಸ: ತ್ರಿಶಿಖರ ಸಾಲ್ಟ್ಸ್ ಕಾರ್ಖಾನೆಯಲ್ಲಿ ಲ್ಯಾಬ್ ಅಸಿಸ್ಟೆಂಟ್, ಒಂಬತ್ತು ವರ್ಷದಿಂದ. ವಾಸ: ಮೂಕಂಡಪಲ್ಲಿ, ಹೊಸೂರು ತಾಲ್ಲೂಕು, ಧರ್ಮಪುರಿ ಜಿಲ್ಲೆ. ಸ್ವಂತ ಊರು ಕುಣಿಗಲ್ ಕಡೆ.

ಇಂದು ದಿನಾಂಕ 20-11-1983, ಭಾನುವಾರ ಬೆಳಿಗ್ಗೆ 9-15ಕ್ಕೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 18ರಂದು ದಸ್ತಗಿರಿಯಾಗಿರುವ, ನಮ್ಮ ಕಾರ್ಖಾನೆಯ ಕೆಲಸದ ಹೆಂಗಸು ಮುನಿಗಂಗಮ್ಮನವರ ಮೇಲೆ ಹೊರಿಸಿರುವ ಆರೋಪ ಸುಳ್ಳು. ದಿನಾಂಕ 17ರಂದು ಕಾರ್ಖಾನೆಗೆ ಬೆಂಕಿ ಬಿದ್ದದ್ದು ಆಕೆಯಿಂದಲ್ಲ. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಹತ್ತಿರದ ತಳಿ ಊರಿನ ಕಡೆಯವರಾದ, ಕನ್ನಡ ಬಲ್ಲ ಹೆಡ್ ಕಾನ್‌ಸ್ಟೇಬಲ್ ಬೋರಯ್ಯನವರು ನಾನು ಹೇಳಿದ್ದನ್ನು ಕನ್ನಡದಲ್ಲಿಯೇ ಬರೆದುಕೊಳ್ಳುತ್ತಿದ್ದಾರೆ.

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಅಮೋನಿಯಂ ಪರ್‌ಕ್ಲೋರೇಟ್ ಎಂಬ ಬಿಳಿ ಉಪ್ಪು. ರಾಕೆಟ್ಟಿನ ಮದ್ದು ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಒಳಗಿನಿಂದಲೇ ಕೊಡುವುದು ಈ ಉಪ್ಪು. ನೋಡಲು ಅಡುಗೆಮನೆಯ ಉಪ್ಪಿನ ಹಾಗೆಯೇ ಇರುತ್ತದೆ. ಶುದ್ಧವಾಗಿದ್ದರೆ ಸಾಕಷ್ಟು ಬಿಸಿ ತಡೆದುಕೊಳ್ಳುತ್ತದೆ. ಕಸ ಸೇರಿದರೆ, ಅದರಲ್ಲೂ ಕಬ್ಬಿಣದ ತುಕ್ಕಿನಂಥದ್ದು ಸೇರಿದರೆ, ಕಡಿಮೆ ಬಿಸಿಗೇ ಒಡೆಯತೊಡಗುತ್ತದೆ. ಒಡೆದಾಗ ಹೊಗೆಯ ಜೊತೆಗೆ ಬಿಸಿಯನ್ನೂ ತಾನೇ ಹುಟ್ಟಿಸುತ್ತದೆ. ಆಮೇಲೆ ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ. ಇದಕ್ಕೆ ಬೆಂಕಿಕಡ್ಡಿ ಬೇಕಾಗಿಲ್ಲ. ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ದಿನಾಂಕ 15, ಮಂಗಳವಾರ ಬೆಳಿಗ್ಗೆ 8-30ಕ್ಕೆ ಮ್ಯಾನೇಜರ್ ಚಿನ್ನಸ್ವಾಮಿಯವರು ಎಲ್ಲರನ್ನೂ ಕಚೇರಿಯ ಜಗಲಿಯ ಮುಂದೆ ನಿಲ್ಲಿಸಿ, ಮರುದಿನ ದೊಡ್ಡ ಅಧಿಕಾರಿಯೊಬ್ಬರು ಕಾರ್ಖಾನೆ ನೋಡಲು ಬರುತ್ತಾರೆ, ಎಲ್ಲವೂ ಪಳಪಳ ಹೊಳೆಯಬೇಕು ಎಂದು ಹೇಳಿದರು. ಅಂದಿನಿಂದ ಕಾರ್ಖಾನೆ ಮದುವೆಮನೆಯಾಯಿತು. ಗೇಟಿಗೆ ಬಾಳೆಕಂಬ ಕಟ್ಟಿದರು. ಕ್ರೋಟನ್ ಕುಂಡಗಳಿಗೆ ಬಣ್ಣ ಬಳಿದರು. ಉಪ್ಪು ಒಣಗಿಸುವ ಡ್ರೈಯರ್ ರೂಮಿನ ಸಿಮೆಂಟ್ ನೆಲ ಬೋಳಾಗಿ ಕಾಣುತ್ತದೆಂದು, ಗೋಡೆಯ ಬುಡದಿಂದ ಎರಡು ಅಡಿ ಅಗಲಕ್ಕೆ ಕೆಮ್ಮಣ್ಣು ಸಾರಿಸಿ, ನಡುವೆ ರಂಗೋಲಿ ಹಾಕಬೇಕೆಂದು ಆಜ್ಞೆಯಾಯಿತು. ಸೀಮೆಯಲ್ಲೆಲ್ಲ ಹೆಂಗಸರು ಹಬ್ಬಕ್ಕೆ ಮನೆಯಲ್ಲಿ ಮಾಡುವ ಕೆಲಸ ಅದು, ಮನೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಡ್ರೈಯರ್ ರೂಮು ಯಾರ ಮನೆಯೂ ಅಲ್ಲ. ಅಲ್ಲಿಗೆ ನಾವು ಚಪ್ಪಲಿ ಬಿಟ್ಟು, ಕಾಲು ತೊಳೆದು ಹೋಗುವುದು ದೇವರ ಭಯಕ್ಕಲ್ಲ, ಧೂಳಿನ ಭಯಕ್ಕೆ.

ಗುಡಿಸಿ ತೊಳೆಯುವ ನಾಲ್ವರು ಹೆಂಗಸರಿಗೆ ಮುನಿಗಂಗಮ್ಮನವರೇ ಹಿರಿಯರು. ಸುಮಾರು 40 ವರ್ಷ. ದಿನವೂ ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಉಪ್ಪು ಒಣಗಿಸುವ ಸ್ಟೀಲ್ ಟ್ರೇಗಳನ್ನು ಬರೀ ನೀರಿನಲ್ಲಿ ತೊಳೆಯುವುದು ವಾಡಿಕೆ. ಅಂದು ಮಧ್ಯಾಹ್ನ 2 ಗಂಟೆಗೆ ಮ್ಯಾನೇಜರ್ ಒಂದು ಟ್ರೇ ಎತ್ತಿ ನೋಡಿ, ಇದರಲ್ಲಿ ಮುಖ ಕಾಣುವುದಿಲ್ಲವಲ್ಲ, ನಿಮ್ಮ ಮನೆಯ ಹಿತ್ತಾಳೆ ಚೊಂಬನ್ನೂ ಹೀಗೇ ಇಡುತ್ತೀರಾ ಎಂದು ಹೀಯಾಳಿಸಿದರು. 2-20ಕ್ಕೆ ಮುನಿಗಂಗಮ್ಮನವರು ಲ್ಯಾಬಿನ ಕಿಟಕಿಯ ಹೊರಗೆ ನಿಂತು ನನ್ನನ್ನು ಕೇಳಿದ ಮಾತು ಇದು:

"ಅಣ್ಣಾ, ಟ್ರೇಗೆ ಇಟ್ಟಿಗೆಪುಡಿ ಹುಣಿಸೆಹಣ್ಣು ಹಾಕಿ ಉಜ್ಜು ಅಂತಾವ್ರೆ ಮ್ಯಾನೇಜ್ರು. ಆ ಉಪ್ಪಿಗೆ ಏನೂ ಆಗಾಕಿಲ್ವೇನಣ್ಣಾ?"

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಇಟ್ಟಿಗೆಯ ಕೆಂಪೂ ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ತುಕ್ಕಿನ ಕೆಂಪೇ. ನಾನು ಮ್ಯಾನೇಜರನ್ನೇ ಕೇಳಮ್ಮ, ಅದು ನನ್ನ ಸೆಕ್ಷನ್ ಅಲ್ಲ ಎಂದೆ. ಆಕೆ ಕೇಳಿದರು. ಹೇಳಿದಷ್ಟು ಮಾಡು ಎಂದು ಬೈಸಿಕೊಂಡು ಬಂದು ಉಜ್ಜಿದರು. ಇಪ್ಪತ್ನಾಲ್ಕು ಟ್ರೇಗಳನ್ನು ಉಜ್ಜಿ, ಸಾರಿಸಿದ ನೆಲದ ಅಂಚಿಗೆ ಬೋರಲು ಹಾಕಿದರು. ಅಂದು ಅನುಮಾನ ಬಂದು ಬಾಯಿ ಬಿಟ್ಟು ಕೇಳಿದ್ದು ಇಡೀ ಕಾರ್ಖಾನೆಯಲ್ಲಿ ಆ ಹೆಂಗಸು ಒಬ್ಬಳೇ. ಈಗ ಕಂಬಿಯ ಹಿಂದೆ ಕೂತಿರುವುದೂ ಆಕೆಯೇ.

ದಿನಾಂಕ 16, ಬುಧವಾರ ಅಧಿಕಾರಿಯವರು ಬರಲಿಲ್ಲ, ನಾಳೆ ಬರುತ್ತಾರೆಂದು ಫೋನ್ ಬಂತು. ಅಷ್ಟರಲ್ಲಿ ಡ್ರೈಯರ್ ಆಪರೇಟರ್ ಅಶ್ವತ್ಥಪ್ಪ ವಾಡಿಕೆಯಂತೆ ಬ್ಲೋಯರ್ ಫ್ಯಾನ್ ಹಾಕಿ ನೋಡಿದ್ದರಿಂದ ರಂಗೋಲಿಯೆಲ್ಲ ಹಾರಿ ಮೂಲೆ ಸೇರಿತ್ತು, ಒಣಗಿದ ಕೆಮ್ಮಣ್ಣೂ ಪುಡಿಪುಡಿಯಾಗಿ ಎದ್ದಿತ್ತು. ಮ್ಯಾನೇಜರ್ ಅವನನ್ನು ಎಲ್ಲರೆದುರು ಬೈದು, ಅಧಿಕಾರಿ ಬಂದು ಹೋಗುವವರೆಗೆ ಫ್ಯಾನಿನ ಸ್ವಿಚ್ ಮುಟ್ಟಬಾರದೆಂದು ಹೇಳಿದರು. ಹೆಂಗಸರು ಮತ್ತೆ ಸಾರಿಸಿ, ಮತ್ತೆ ರಂಗೋಲಿ ಹಾಕಿದರು. ಈ ಸಲದ್ದು ಹಂಸದ ಚಿತ್ರ.

ಅಶ್ವತ್ಥಪ್ಪನ ಬಗ್ಗೆ ಎರಡು ಮಾತು ಹೇಳಬೇಕು. ತಳಿಯವನು, 31 ವರ್ಷ. ಮನೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಸೋಮವಾರ ಲ್ಯಾಬಿನ ದೇವರ ಪಟಕ್ಕೆ ಒಂದು ಮೊಳ ಹೂವು ತಂದುಕೊಡುತ್ತಿದ್ದ. ಪಾಸಾಗಿಲ್ಲ ಎಂದು ನಾನು ಹೇಳಿದ ಉಪ್ಪಿನ ಹತ್ತಿರ ನಿಲ್ಲುತ್ತಲೂ ಇರಲಿಲ್ಲ.

ದಿನಾಂಕ 17, ಗುರುವಾರ ಬೆಳಿಗ್ಗೆ 8-40ಕ್ಕೆ ಟ್ರೇಗಳಿಗೆ ಹಸಿ ಉಪ್ಪು ತುಂಬಿ ಡ್ರೈಯರಿನೊಳಗೆ ಇಟ್ಟರು. 9 ಗಂಟೆಗೆ ಹೀಟರ್ ಹಾಕಿದರು, ಫ್ಯಾನ್ ಹಾಕಲಿಲ್ಲ. ಕೆಲಸ ನಡೆಯುತ್ತಿರುವಂತೆ ಕಾಣಬೇಕು, ಆದರೆ ಹಂಸ ಹಾರಬಾರದು. ಫ್ಯಾನ್ ಇಲ್ಲದಿದ್ದರೆ ಬಿಸಿಗಾಳಿ ತಿರುಗುವುದಿಲ್ಲ, ಹೀಟರಿನ ಹತ್ತಿರದ ಮೇಲಿನ ಟ್ರೇಗಳೇ ಅಷ್ಟನ್ನೂ ತಿನ್ನುತ್ತವೆ. ಥರ್ಮಾಮೀಟರ್ ಇರುವುದು ಕೆಳಗೆ, ಬಾಗಿಲ ಬಳಿ. ಅದು ಎಂದಿನ ಬಿಸಿಯನ್ನೇ ತೋರಿಸುತ್ತಿತ್ತು. 9-30ಕ್ಕೆ ಅಶ್ವತ್ಥಪ್ಪ ಸ್ಯಾಂಪಲ್ ತಂದುಕೊಡುವಾಗ ನನಗೆ ಹೇಳಿದ್ದು:

"ಫ್ಯಾನ್ ಹಾಕ್ದೆ ಇದ್ರೆ ಮ್ಯಾಲಿನ ಟ್ರೇ ಬೆಂದೋಯ್ತದೆ ಕಣಣ್ಣಾ. ಮೂರ್ ಸಲ ಹೇಳ್ದೆ, ಕೇಳ್ನಿಲ್ಲ."

ಸ್ಯಾಂಪಲ್ ಬಿಳಿಯಾಗಿರಲಿಲ್ಲ, ಎಳೆ ಗುಲಾಬಿ ಬಣ್ಣವಿತ್ತು. ಪ್ರತಿ ಲಾಟಿನ, ಅಂದರೆ ಒಂದು ಸಲಕ್ಕೆ ಒಣಗಿಸುವಷ್ಟರ, ಒಂದು ಚಿಟಿಕೆ ಉಪ್ಪನ್ನು ಗಾಜಿನ ಕೊಳವೆಯಲ್ಲಿ ಹಾಕಿ, ಬಿಸಿ ಮರಳಿನಲ್ಲಿ ಇಟ್ಟು, ಬಾಯಿಗೆ ನೀಲಿ ಲಿಟ್ಮಸ್ ಕಾಗದ ಹಿಡಿಯುವುದು ನನ್ನ ಕೆಲಸ. ಉಪ್ಪು ಒಡೆದರೆ ಹುಳಿ ಹೊಗೆ ಬಂದು ಕಾಗದ ಕೆಂಪಾಗುತ್ತದೆ. ಮೂವತ್ತು ನಿಮಿಷ ನೀಲಿಯಾಗಿಯೇ ಉಳಿದರೆ ಲಾಟು ಪಾಸು. ಅಂದು 9-42ಕ್ಕೆ ಇಟ್ಟದ್ದು 9-49ಕ್ಕೆ ಕೆಂಪಾಯಿತು. 9-55ಕ್ಕೆ ಇನ್ನೊಂದು ಇಟ್ಟೆ. ಅದು ಆರೂವರೆ ನಿಮಿಷಕ್ಕೇ ಕೆಂಪಾಯಿತು. ಒಂಬತ್ತು ವರ್ಷದಲ್ಲಿ ನಾನು ಹತ್ತು ನಿಮಿಷದೊಳಗೆ ಕೆಂಪಾದದ್ದನ್ನು ನೋಡಿರಲಿಲ್ಲ.

10-10ಕ್ಕೆ ಎರಡೂ ಕಾಗದಗಳನ್ನು ಹಿಡಿದು ಮ್ಯಾನೇಜರ ಕೋಣೆಗೆ ಹೋದೆ. ಲ್ಯಾಬಿನಿಂದ ಅಲ್ಲಿಗೆ ಅರವತ್ತು ಹೆಜ್ಜೆ. ಅವರು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು. ಹೀಟರ್ ಆರಿಸಿ ಲಾಟನ್ನು ನೀರಿಗೆ ಹಾಕಬೇಕೆಂದು ಹೇಳಿದೆ. ಅಧಿಕಾರಿಯ ಕಾರು ಹೊರಟಿದೆಯೆಂದು ಫೋನ್ ಬಂದಿದೆ, ತಣ್ಣಗಿರುವ ಡ್ರೈಯರನ್ನು ಏನೆಂದು ತೋರಿಸಲಿ ಎಂದು ಅವರು ಕೇಳಿದರು. ಆಮೇಲೆ, ನಿಮ್ಮ ಕಪಾಟಿನಲ್ಲಿ ಹಿಂದಿನ ವಾರದ ಲಾಟಿನ ಬಾಟಲಿ ಇದೆಯಲ್ಲ, ಉಪ್ಪೆಂದರೆ ಉಪ್ಪೇ, ಅದನ್ನೇ ಇಟ್ಟು ನೋಡಿ ಎಂದರು. ನಗುತ್ತಲೇ ಹೇಳಿದರು. ಬಾಚಣಿಗೆಯನ್ನು ಊದಿ ಜೇಬಿಗೆ ಹಾಕಿಕೊಂಡರು. ಅವರನ್ನು ಕಂಡರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

10-30ಕ್ಕೆ ಹಳೆಯ ಬಾಟಲಿಯ ಉಪ್ಪನ್ನು ಪರೀಕ್ಷೆಗೆ ಇಡಲಾಯಿತು. 11-00ರವರೆಗೂ ಕಾಗದ ನೀಲಿಯಾಗಿಯೇ ಇತ್ತು. 11-05ಕ್ಕೆ ಹೊಸ ಲಾಟು ಪಾಸಾಗಿದೆಯೆಂದು ರಿಜಿಸ್ಟರಿನಲ್ಲಿ ದಾಖಲಾಯಿತು. 11-10ಕ್ಕೆ ಅಶ್ವತ್ಥಪ್ಪ ಬಂದು ವಿಚಾರಿಸಿದ್ದಕ್ಕೆ, ಪಾಸಾಗಿದೆ ಎಂದು ಅವನಿಗೆ ತಿಳಿಸಲಾಯಿತು.

12-05ಕ್ಕೆ ಕಾರು ಬಂತು. ಕಚೇರಿಯ ಜಗಲಿಯಲ್ಲಿ ದೀಪ ಹಚ್ಚಿಸಲು ಬೆಂಕಿಪೆಟ್ಟಿಗೆ ಇರಲಿಲ್ಲ. ಕಾರ್ಖಾನೆಯೊಳಗೆ ಬೆಂಕಿಪೆಟ್ಟಿಗೆ ಇರುವುದು ಒಂದೇ ಒಂದು. ಅದು ಲ್ಯಾಬಿನ ಸ್ಪಿರಿಟ್ ದೀಪಕ್ಕೆಂದು ನನ್ನ ಮೇಜಿನ ಖಾನೆಯಲ್ಲಿರುತ್ತದೆ. ಅದನ್ನು ಮ್ಯಾನೇಜರೇ ಓಡಿಬಂದು ತೆಗೆದುಕೊಂಡು ಹೋದರು, ಹಿಂದಕ್ಕೆ ಕೊಡಲಿಲ್ಲ. ಅಧಿಕಾರಿಯವರು ದೀಪ ಹಚ್ಚಿ, ಎಳನೀರು ಕುಡಿದು, ಡ್ರೈಯರ್ ರೂಮಿನ ಹೊಸ್ತಿಲಲ್ಲಿ ನಿಂತು, ಹಂಸ ಚೆನ್ನಾಗಿದೆ ಎಂದರು. ರಂಗೋಲಿ ತುಳಿಯಬಾರದೆಂದು ಒಳಗೆ ಕಾಲಿಡಲಿಲ್ಲ. 12-16ಕ್ಕೆ ಕಾರು ಹೊರಟಿತು. ಒಟ್ಟು ಹನ್ನೊಂದು ನಿಮಿಷ. ಇದಕ್ಕಾಗಿ ಮೂರು ದಿನದ ಕುಣಿತ.

ಮ್ಯಾನೇಜರ್ ಅವರನ್ನು ಗೇಟಿನವರೆಗೆ ಬಿಡಲು ಹೋಗಿದ್ದರು. 12-20ಕ್ಕೆ ಮುನಿಗಂಗಮ್ಮನವರು ನನ್ನ ಕಿಟಕಿಯಿಂದ ಹತ್ತು ಅಡಿ ದೂರದ ನಲ್ಲಿಯಲ್ಲಿ ಬಕೆಟ್ ತೊಳೆಯುತ್ತಿದ್ದರು. ನಾನು ಕಣ್ಣಾರೆ ನೋಡುತ್ತಿದ್ದೆ. ಆಗ ಡ್ರೈಯರ್ ರೂಮಿನ ಕಡೆಯಿಂದ ಮೂಗು ಕೊರೆಯುವ ಹುಳಿ ವಾಸನೆ ಬಂತು. ಎದ್ದು ಲ್ಯಾಬಿನ ಬಾಗಿಲಿಗೆ ಬಂದು ನೋಡಿದಾಗ, ಎದುರಿನ ರೂಮಿನಲ್ಲಿ ಡ್ರೈಯರಿನ ಮೇಲಿನ ಸಂದಿಯಲ್ಲಿ ಬಿಳಿ ಹೊಗೆ ಏಳುತ್ತಿತ್ತು. ಅಶ್ವತ್ಥಪ್ಪ ಅದರ ಮುಂದೆ ನಿಂತಿದ್ದ. ನಾನು ಕೂಗುವುದರೊಳಗೆ ಅವನು ಫ್ಯಾನ್ ಹಾಕಿ, ಹಿಡಿಕೆ ತಿರುಗಿಸಿ ಡ್ರೈಯರಿನ ಬಾಗಿಲು ತೆಗೆದ. ಸದ್ದು ದೊಡ್ಡದೇನೂ ಆಗಲಿಲ್ಲ. ಒಲೆಯ ಮೇಲಿನ ದೊಡ್ಡ ಹಂಡೆಯ ನೀರನ್ನು ಕೆಂಡಕ್ಕೆ ಸುರಿದಂತಾಯಿತು. ಬೆಳಕು ಮಾತ್ರ ಕಣ್ಣಿಗೆ ಹೊಡೆಯಿತು. ಅವನನ್ನು ಹೊರಗೆ ಎಳೆದು ತಂದವರು ಮುನಿಗಂಗಮ್ಮನವರು. ತೊಳೆಯುತ್ತಿದ್ದ ಬಕೆಟ್ಟಿನ ನೀರನ್ನೇ ಅವನ ಮೇಲೆ ಸುರಿದು, ತಮ್ಮ ಸೆರಗು ಸುತ್ತಿ ಎಳೆದರು. ಅವರ ಎರಡೂ ಅಂಗೈ ಸುಟ್ಟಿವೆ. ಠಾಣೆಯಲ್ಲಿಯೇ ಇದ್ದಾರೆ, ನೋಡಬಹುದು. ನಾನು ಲ್ಯಾಬಿನ ಬಾಗಿಲ ಬಳಿಯೇ ನಿಂತಿದ್ದೆ.

ದಿನಾಂಕ 18, ಶುಕ್ರವಾರ ಬೆಳಿಗ್ಗೆ 6-20ಕ್ಕೆ ಅಶ್ವತ್ಥಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ. ಅಂದು ಮಧ್ಯಾಹ್ನ ಮ್ಯಾನೇಜರು, ಮುನಿಗಂಗಮ್ಮ ಕದ್ದು ಬೀಡಿ ಸೇದಿ ಬೆಂಕಿ ಹಚ್ಚಿದಳೆಂದು ದೂರು ಕೊಟ್ಟು, ಆಕೆಯ ಮಡಿಲಲ್ಲಿ ಸಿಕ್ಕಿತೆಂದು ಒಂದು ಬೆಂಕಿಪೆಟ್ಟಿಗೆ ತಂದುಕೊಟ್ಟರು. ಆಕೆ ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುತ್ತಾರೆ, ಬೀಡಿ ಸೇದಿದ್ದನ್ನು ಯಾರೂ ಕಂಡಿಲ್ಲ. ಅದಕ್ಕೂ ಮೊದಲು ಕಾರ್ಖಾನೆಯ ಕಚೇರಿಯಲ್ಲಿ, ತಮಿಳಿನಲ್ಲಿ ಟೈಪ್ ಮಾಡಿಸಿದ್ದ ತಪ್ಪೊಪ್ಪಿಗೆಯ ಕಾಗದಕ್ಕೆ, ಆಸ್ಪತ್ರೆಯ ಚೀಟಿ ಎಂದು ಹೇಳಿ, ಆ ಸುಟ್ಟ ಕೈಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ನೋವಿಗೆ ಆಕೆ ಕೂಗಿದ್ದು ನನಗೆ ಲ್ಯಾಬಿನವರೆಗೆ ಕೇಳಿಸಿತು. ಮನುಷ್ಯರು ಮಾಡುವ ಕೆಲಸವೇ ಇದು? ಥೂ.

ದಿನಾಂಕ 19, ಶನಿವಾರ ಸಂಜೆ 4 ಗಂಟೆಗೆ ಮ್ಯಾನೇಜರ್ ನನ್ನನ್ನು ಕಾರ್ಖಾನೆಯ ಜೀಪಿನಲ್ಲಿ ಠಾಣೆಗೆ ಕರೆತಂದು, ಬೆಂಕಿಪೆಟ್ಟಿಗೆ ಆಕೆಯ ಬಳಿ ಸಿಕ್ಕಿದ್ದಕ್ಕೆ ಸಾಕ್ಷಿ ಸಹಿ ಹಾಕಬೇಕೆಂದರು. ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟಿದ್ದರು. ಅದರ ಬೆನ್ನಿನ ಮೇಲೆ ನೀಲಿ ಪೆನ್ನಿನಲ್ಲಿ 'ಲ್ಯಾಬ್, 1-11' ಎಂದು ಬರೆದಿದೆ. ತಿಂಗಳ ಮೊದಲ ದಿನ ಹೊಸ ಪೆಟ್ಟಿಗೆ ತೆಗೆದು ಹಾಗೆ ಬರೆಯುವವನು ನಾನು. ಅಕ್ಷರ ನನ್ನದು. ಕನ್ನಡಕ ತಂದಿಲ್ಲವೆಂದು ಸುಳ್ಳು ಹೇಳಿ, ಸಹಿ ಹಾಕದೆ ಮನೆಗೆ ಹೋದೆ. ಹೊರಗೆ ಹೋಗುವಾಗ ಮುನಿಗಂಗಮ್ಮನವರು ಕಂಬಿಯ ಒಳಗಿನಿಂದ ಹೇಳಿದ್ದು ಇಷ್ಟೇ:

"ಅಣ್ಣಾ, ನಾನು ನಲ್ಲಿತಾವ ಇದ್ದಿದ್ದು ನೀನ್ ನೋಡ್ದೆ ಅಲ್ವಾ."

ಇಷ್ಟನ್ನು ಹೇಳಿದ ಮೇಲೆ ಬೋರಯ್ಯನವರು ಕೇಳಿದ ಪ್ರಶ್ನೆಗಳು, ನನ್ನ ಉತ್ತರಗಳು:

ಪ್ರಶ್ನೆ: 11-05ಕ್ಕೆ ಲಾಟು ಪಾಸೆಂದು ರಿಜಿಸ್ಟರಿನಲ್ಲಿ ಬರೆದವರು ಯಾರು?

ಉತ್ತರ: ಮ್ಯಾನೇಜರ್ ಚಿನ್ನಸ್ವಾಮಿಯವರು ಬರೆಸಿದರು.

ಪ್ರಶ್ನೆ: ಬರೆದವರು ಯಾರು?

ಉತ್ತರ: ನಾನು. ಸಹಿಯೂ ನನ್ನದೇ. ಪೆನ್ನನ್ನು ಯಾರೂ ಕುತ್ತಿಗೆಯ ಮೇಲೆ ಕೂತು ಹಿಡಿಸಲಿಲ್ಲ. ಹಳೆಯ ಬಾಟಲಿಯನ್ನು ಕಪಾಟಿನಿಂದ ತೆಗೆದವನೂ ನಾನೇ. ಗಡಿಯಾರ ನೋಡುತ್ತಾ ಮೂವತ್ತು ನಿಮಿಷ ಅದರ ಮುಂದೆ ಕೂತಿದ್ದೆ.

ಪ್ರಶ್ನೆ: ಪಾಸಾಗದಿದ್ದರೆ ಅಶ್ವತ್ಥಪ್ಪ ಏನು ಮಾಡುತ್ತಿದ್ದ?

ಉತ್ತರ: ಪಾಸಾಗದ ಲಾಟು ಹೊಗೆಯಾಡಿದರೆ ಮೇನ್ ಸ್ವಿಚ್ ಆರಿಸಿ ಹಿಂಬಾಗಿಲಿನಿಂದ ಓಡಬೇಕು, ಡ್ರೈಯರ್ ತೆರೆಯಬಾರದು ಎಂಬುದು ನಿಯಮ. ಹಿಂಬಾಗಿಲು ಅವನಿಂದ ಹನ್ನೆರಡು ಅಡಿ ದೂರದಲ್ಲಿತ್ತು, ತೆರೆದೇ ಇತ್ತು. ಆ ನಿಯಮವನ್ನು ಅವನಿಗೆ ಕಲಿಸಿದವನು ನಾನು. 11-10ಕ್ಕೆ ಅವನು "ಪಾಸಾಯ್ತೇನಣ್ಣಾ?" ಅಂದ. ನಾನು ಅವನ ಮುಖ ನೋಡದೆ, ಆಯ್ತು ಹೋಗಪ್ಪ ಅಂದೆ. ಪಾಸಾದ ಉಪ್ಪು, ಬಿಸಿ ಹೆಚ್ಚಾಗಿದೆ ಅಷ್ಟೇ, ಗಾಳಿಯಾಡಿಸಿದರೆ ತಣಿಯುತ್ತದೆ ಎಂದು ನಂಬಿ ಬಾಗಿಲು ತೆಗೆದ. ಇಷ್ಟು ಹೊತ್ತು ಮ್ಯಾನೇಜರನ್ನು ಕಂಡರೆ ಹೇಸಿಗೆ ಎಂದು ಹೇಳುತ್ತಿದ್ದೆ. ನನ್ನ ಕೈ ನನಗೆ ಅದಕ್ಕಿಂತ ಹೇಸಿಗೆಯಾಗಿದೆ.

ಬರೆದುಕೊಂಡದ್ದನ್ನು ಮೊದಲಿನಿಂದ ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟದ್ದೂ ಇನ್ನೇನೂ ಉಳಿದಿಲ್ಲ. ಮುನಿಗಂಗಮ್ಮನವರನ್ನು ಬಿಡಬೇಕು. ಅವರ ಕೈಗೆ ಔಷಧಿ ಹಾಕಿಸಬೇಕು. ರಿಜಿಸ್ಟರಿನ ಸಹಿಯೊಂದಿಗೆ ಹೋಲಿಸಿ ನೋಡಲು ಅನುಕೂಲವಾಗಲೆಂದು, ಅಲ್ಲಿ ಹಾಕಿದಂತೆಯೇ ಇಲ್ಲಿಯೂ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ.

ಸ್ಥಳ: ಹೊಸೂರು
ದಿನಾಂಕ: 20-11-1983, ಬೆಳಿಗ್ಗೆ 11-05

ಎಂ. ಜಯರಾಮಯ್ಯ

ನನ್ನ ಮುಂದೆ: ಬೋರಯ್ಯ, ಹೆಡ್ ಕಾನ್‌ಸ್ಟೇಬಲ್